ಹುಣಸೆ, ಅವರೆ, ಜಾಲಿ: ಲೆಗ್ಯೂಮ್ ಗಿಡದ ಉಪಕುಟುಂಬ ಪತ್ತೆ ಹಚ್ಚುವುದು ಹೇಗೆ?

“ಮೈಮೋಸಾಯ್ಡಿ ಎಲ್ಲಿ ಹೋಯಿತು?” “ಹುಣಸೆ ಸೀಸಾಲ್ಪಿನಿಯಾಯ್ಡಿ ಎಂದು ಓದಿದ್ದೆವು, ಈಗ ಬೇರೇನೋ ಹೆಸರು ಕಾಣುತ್ತಿದೆ, ಯಾವುದು ಸರಿ?” “ಕರಿಜಾಲಿಗೆ ಅಕೇಶಿಯಾ ಎಂದು ಬರೆದರೆ ತಪ್ಪೇ?” ಸಸ್ಯಶಾಸ್ತ್ರದ ವಿದ್ಯಾರ್ಥಿಗಳು, ಮೇಷ್ಟ್ರುಗಳು, ಗಿಡಮರ ಗುರುತಿಸುವ ಹವ್ಯಾಸದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮೂರಕ್ಕೂ ಉತ್ತರ ಒಂದೇ ಕಡೆ ಇದೆ. ಲೆಗ್ಯೂಮ್ ಕುಟುಂಬವನ್ನು, ಅಂದರೆ ಅವರೆ, ತೊಗರಿ, ಹುಣಸೆ, ಹೊಂಗೆ, ಜಾಲಿಗಳ ಕುಟುಂಬವನ್ನು, ಈಗ ಹೂವಿನ ಅಂದ ನೋಡಿ ಮೂರು ಪಾಲು ಮಾಡುವುದಿಲ್ಲ. ವಂಶ ನೋಡಿ ಆರು ಪಾಲು ಮಾಡುತ್ತಾರೆ. ಕೈಯಲ್ಲಿರುವ ಗಿಡ ಆ ಆರರಲ್ಲಿ ಯಾವುದಕ್ಕೆ ಸೇರಿದ್ದು ಎಂದು ನೀವೇ ಕಂಡುಕೊಳ್ಳುವ ಕ್ರಮ ಇಲ್ಲಿದೆ.

ಆರು ಪಾಲು ಏಕಾಯಿತು?

ಹತ್ತೊಂಬತ್ತನೇ ಶತಮಾನದಲ್ಲಿ ಜಾರ್ಜ್ ಬೆಂಥಾಮ್ ಗಟ್ಟಿ ಮಾಡಿದ ಪದ್ಧತಿಯಲ್ಲಿ ಮೂರು ಗುಂಪುಗಳಿದ್ದವು. ಚಿಟ್ಟೆಯಂಥ ಹೂವಿನವು ಪ್ಯಾಪಿಲಿಯೊನಾಯ್ಡಿ, ಪೊಂಪೊಮ್ ಚೆಂಡಿನಂಥ ಹೂಗೊಂಚಲಿನವು ಮೈಮೋಸಾಯ್ಡಿ, ಇವೆರಡಕ್ಕೂ ಸೇರದೆ ಉಳಿದವು ಸೀಸಾಲ್ಪಿನಿಯಾಯ್ಡಿ. ತೊಡಕು ಇದ್ದದ್ದು ಮೂರನೆಯದರಲ್ಲಿ. “ಉಳಿದವು” ಎಂಬುದು ಒಂದು ವಂಶವಲ್ಲ. ವಂಶವೃಕ್ಷದಲ್ಲಿ ಒಂದು ಗುಂಪಿಗೆ ಹೆಸರಿಡಬೇಕಾದರೆ ಒಬ್ಬ ಪೂರ್ವಜ ಮತ್ತು ಆ ಪೂರ್ವಜನ ಎಲ್ಲ ಸಂತತಿ ಅದರೊಳಗೆ ಇರಬೇಕು. ಇಂಥ ಗುಂಪನ್ನು ಏಕಮೂಲ ಗುಂಪು ಎನ್ನುತ್ತಾರೆ. ಹಳೆಯ ಸೀಸಾಲ್ಪಿನಿಯಾಯ್ಡಿಯೊಳಗಿನ ಗುಲ್‌ಮೊಹರ್, ಕಕ್ಕೆ ಮುಂತಾದವು ಜಾಲಿಗೆ ಹತ್ತಿರದ ನೆಂಟರು, ಹುಣಸೆಗೆ ದೂರದವರು. ಹತ್ತಿರದವರನ್ನು ಬೇರೆ ಮನೆಯಲ್ಲಿಟ್ಟು ದೂರದವರನ್ನು ಒಂದೇ ಸೂರಿನಡಿ ಕೂಡಿಹಾಕಿದಂತೆ ಆಗಿತ್ತು.

2017ರಲ್ಲಿ ಲೆಗ್ಯೂಮ್ ಫೈಲೊಜೆನಿ ವರ್ಕಿಂಗ್ ಗ್ರೂಪ್ ಎಂಬ ಅಂತರರಾಷ್ಟ್ರೀಯ ತಂಡ ಇದನ್ನು ಸರಿಪಡಿಸಿತು. ಎಲೆಯ ಹಸಿರುಕಣದಲ್ಲಿರುವ ಮ್ಯಾಟ್‌ಕೆ ಎಂಬ ಜೀನನ್ನು 3,696 ಪ್ರಭೇದಗಳಲ್ಲಿ ಹೋಲಿಸಿ ವಂಶವೃಕ್ಷ ಕಟ್ಟಿತು. ಕುಟುಂಬದ ಕುಲಗಳಲ್ಲಿ, ಅಂದರೆ ಪ್ರಭೇದಗಳ ಮೇಲಿನ ಮೆಟ್ಟಿಲಿನಲ್ಲಿ, ನೂರಕ್ಕೆ 91ರಷ್ಟು ಆ ಹೋಲಿಕೆಯಲ್ಲಿ ಸೇರಿದ್ದವು. ಅಲ್ಲಿಂದ ಬಂದ ಆರು ಉಪಕುಟುಂಬಗಳು ಇವು: ಸರ್ಸಿಡಾಯ್ಡಿ, ಡಿಟೇರಿಯಾಯ್ಡಿ, ಡುಪಾರ್ಕೆಟಿಯಾಯ್ಡಿ, ಡಯಾಲಿಯಾಯ್ಡಿ, ಸೀಸಾಲ್ಪಿನಿಯಾಯ್ಡಿ, ಪ್ಯಾಪಿಲಿಯೊನಾಯ್ಡಿ. ಸೀಸಾಲ್ಪಿನಿಯಾಯ್ಡಿ ಎಂಬ ಹೆಸರು ಉಳಿದಿದೆ, ಅರ್ಥ ಬದಲಾಗಿದೆ. ಹುಣಸೆ, ಮಂದಾರಗಳು ಅದರಿಂದ ಹೊರಗೆ ಹೋದವು, ಜಾಲಿ, ಮುಟ್ಟಿದರೆ ಮುನಿಗಳು ಒಳಗೆ ಬಂದವು. ಹಳೆಯ ಪುಸ್ತಕ, ಹೊಸ ಲೇಖನ ಎರಡನ್ನೂ ಜೊತೆಗಿಟ್ಟು ಓದುವಾಗ ಈ ಒಂದು ಹೆಸರೇ ಹೆಚ್ಚು ಗೊಂದಲ ಮಾಡುತ್ತದೆ. ಯಾವ ವರ್ಷದ ಬರಹ ಎಂದು ಮೊದಲು ನೋಡಿಕೊಳ್ಳಿ.

ಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಭೂತಗನ್ನಡಿ, ಹೊಸ ಶೇವಿಂಗ್ ಬ್ಲೇಡ್, ಎರಡು ಸೂಜಿ, ಬಿಳಿ ತಟ್ಟೆ, ಒಂದು ಪೆನ್ನು, ಟಿಪ್ಪಣಿ ಪುಸ್ತಕ. ಒಣಗಿದ ಹೂವಾದರೆ ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪಿನ ದ್ರವ ಒಂದು ಹನಿ ಹಾಕಿ ಐದು ನಿಮಿಷ ನೆನೆಸಿ. ಎಸಳು ಹರಿಯದೆ ಬಿಚ್ಚಿಕೊಳ್ಳುತ್ತದೆ. ಗಿಡದಿಂದ ತರಬೇಕಾದ್ದು: ಕಾಂಡಕ್ಕೆ ಅಂಟಿಕೊಂಡಿರುವ ಪೂರ್ತಿ ಎಲೆ, ನಾಳೆ ಅರಳುವಂತಿರುವ ಮೂರ್ನಾಲ್ಕು ಮೊಗ್ಗು, ಅರಳಿದ ಹೂ, ಬಲಿತ ಕಾಯಿ. ಎಲೆಯೊಂದನ್ನೇ ಕಿತ್ತು ತಂದರೆ ಅರ್ಧ ಕೆಲಸ ಕೆಡುತ್ತದೆ. ಎಲೆಯ ಬುಡದಲ್ಲಿರುವ ಗುರುತುಗಳು ಗಿಡದಲ್ಲೇ ಉಳಿದುಬಿಡುತ್ತವೆ.

ಮೂರು ಎಚ್ಚರಿಕೆ. ಗುಲಗಂಜಿ ಬೀಜವನ್ನು ಕತ್ತರಿಸಬೇಡಿ, ಜಜ್ಜಬೇಡಿ. ಒಳಗಿನ ಅಬ್ರಿನ್ ಮಾರಕ ವಿಷ. ನಸುಗುನ್ನಿಯ ಕಾಯಿ ಮುಟ್ಟಬೇಡಿ. ಅದರ ರೋಮ ತಾಗಿದರೆ ತುರಿಕೆ ತಡೆಯಲಾಗದು. ಸಂರಕ್ಷಿತ ಕಾಡಿನಲ್ಲಿ ಏನನ್ನೂ ಕೀಳದೆ ಫೋಟೊ ತೆಗೆದುಕೊಳ್ಳಿ.

1. ಮೊದಲು, ಇದು ಲೆಗ್ಯೂಮ್ ಹೌದೇ?

ಉದ್ದನೆಯ ಕಾಯಿ ಇದ್ದಮಾತ್ರಕ್ಕೆ ಲೆಗ್ಯೂಮ್ ಆಗುವುದಿಲ್ಲ. ನುಗ್ಗೆಕಾಯಿ ಕಣ್ಣಿಗೆ ಹಾಗೇ ಕಂಡರೂ ಅದು ಮೂರು ಹೋಳಾಗಿ ಸೀಳುತ್ತದೆ. ನುಗ್ಗೆ ಬೇರೆಯೇ ಕುಟುಂಬ. ಲೆಗ್ಯೂಮ್ ಕಾಯಿ ಒಂದೇ ಅಂಡಕೋಶದಿಂದ, ಅಂದರೆ ಹೂವಿನಲ್ಲಿ ಬೀಜ ಕಟ್ಟುವ ಒಂದೇ ಮಡಿಕೆಯಿಂದ, ಆದದ್ದು. ಅವರೆಕಾಯಿ ಬಿಡಿಸಿ ನೋಡಿ: ಎರಡು ಅಂಚು, ಎರಡು ಹೋಳು, ಬೀಜಗಳೆಲ್ಲ ಒಂದೇ ಅಂಚಿಗೆ ಅಂಟಿಕೊಂಡಿರುತ್ತವೆ. ಬೀಜ ಒಂದೇ ಅಂಚಿನಲ್ಲಿ ಇದೆಯೇ ಎಂಬುದೇ ಗಟ್ಟಿ ಪರೀಕ್ಷೆ. ಕಾಯಿ ಬಿರಿಯುತ್ತದೆಯೋ ಇಲ್ಲವೋ ಎಂಬುದನ್ನು ಮಾನದಂಡ ಮಾಡಬೇಡಿ. ಹುಣಸೆ ಬಿರಿಯುವುದಿಲ್ಲ, ಶೇಂಗಾ ತಾನಾಗಿ ಬಿರಿಯುವುದಿಲ್ಲ, ಹೊನ್ನೆಯ ಕಾಯಿ ರೆಕ್ಕೆ ಕಟ್ಟಿಕೊಂಡ ಬಿಲ್ಲೆಯ ಹಾಗೆ ಗಾಳಿಯಲ್ಲಿ ಹಾರುತ್ತದೆ.

ಕಾಯಿ ಸಿಗದಿದ್ದರೆ ಎಲೆಯ ಬುಡ ನೋಡಿ. ಎಲೆದಂಟು ಕಾಂಡಕ್ಕೆ ಸೇರುವಲ್ಲಿ ಸಣ್ಣ ಉಬ್ಬು ಇರಬೇಕು. ಇದನ್ನು ಪಲ್ವೈನಸ್ ಎನ್ನುತ್ತಾರೆ. ನೀರು ತುಂಬಿ, ಇಳಿದು ಎಲೆಯನ್ನು ಏಳಿಸಿ ಮಲಗಿಸುವ ಕೀಲು ಅದು. ಸಂಜೆ ಮಳೆಮರ ಎಲೆ ಮಡಚುವುದು, ಮುಟ್ಟಿದರೆ ಮುನಿ ಮುದುಡುವುದು ಇದರಿಂದಲೇ. ಅದರ ಅಕ್ಕಪಕ್ಕ ಉಪಪರ್ಣಗಳು, ಅಂದರೆ ಚಿಕ್ಕ ಎಲೆಯಂಥ, ಕೂದಲಿನಂಥ ಅಥವಾ ಮುಳ್ಳಿನಂಥ ಜೋಡಿ, ಇರಬೇಕು ಅಥವಾ ಅವು ಉದುರಿದ ಗಾಯ ಕಾಣಬೇಕು. ಎಲೆಗಳು ಕಾಂಡದ ಮೇಲೆ ಒಂದಾದ ಮೇಲೊಂದು ಬರಬೇಕು, ಎದುರುಬದುರು ಅಲ್ಲ.

ಈ ಕೊನೆಯ ಮಾತು ಬೆಂಗಳೂರಿನ ರಸ್ತೆಗಳಲ್ಲಿ ತುಂಬಾ ಕೆಲಸಕ್ಕೆ ಬರುತ್ತದೆ. ಜಕರಂಡದ ಎಲೆ ಗುಲ್‌ಮೊಹರ್ ಎಲೆಯನ್ನೇ ಹೋಲುತ್ತದೆ. ಆದರೆ ಜಕರಂಡದಲ್ಲಿ ಎಲೆಗಳು ಎದುರುಬದುರು, ಎಸಳುಗಳು ಬೆಸೆದು ಗಂಟೆಯ ಹಾಗಿರುತ್ತವೆ. ಅದು ಲೆಗ್ಯೂಮ್ ಅಲ್ಲ. ಹಾಗೆಯೇ ಕಟ್ಟಡಗಳ ಅಂಚಿಗೆ ನೆಟ್ಟಗೆ ಕಂಬದಂತೆ ಬೆಳೆಸುವ “ಅಶೋಕ” ಸೀತಾಫಲದ ಕುಟುಂಬದ್ದು. ನಿಜವಾದ ಅಶೋಕ, ಸರಾಕಾ ಅಸೋಕಾ, ಕಿತ್ತಳೆ-ಕೆಂಪು ಹೂಗೊಂಚಲಿನ ಲೆಗ್ಯೂಮ್ ಮರ.

2. ಎಲೆ ಎಷ್ಟು ಸಲ ಕವಲೊಡೆದಿದೆ?

ಮೊದಲು ಎಲೆ ಯಾವುದು, ಕಿರುಎಲೆ ಯಾವುದು ಎಂದು ತಿಳಿಯಿರಿ. ಕಂಕುಳಲ್ಲಿ ಮೊಗ್ಗು ಇರುವುದು ಪೂರ್ತಿ ಎಲೆ. ಅದರೊಳಗಿನ ತುಂಡುಗಳು ಕಿರುಎಲೆ. ಹುಣಸೆಯಲ್ಲಿ ನಡುದಂಟಿನ ಎರಡೂ ಬದಿ ನೇರವಾಗಿ ಕಿರುಎಲೆ ಕೂತಿವೆ. ಇದು ಒಂದು ಸಲ ಕವಲೊಡೆದ ಎಲೆ. ಗುಲ್‌ಮೊಹರ್‌ನಲ್ಲಿ ನಡುದಂಟಿನಿಂದ ಪಕ್ಕದಂಟುಗಳು ಹೊರಟು, ಅವುಗಳ ಮೇಲೆ ಕಿರುಎಲೆ ಕೂತಿವೆ. ಇದು ಎರಡು ಸಲ ಕವಲೊಡೆದದ್ದು.

ಇಲ್ಲಿಂದ ಈ ಇಡೀ ಲೇಖನದ ಅತಿ ಉಪಯುಕ್ತ ಸೂತ್ರ ಸಿಗುತ್ತದೆ: ಲೆಗ್ಯೂಮ್ ಕುಟುಂಬದಲ್ಲಿ ಎರಡು ಸಲ ಕವಲೊಡೆದ ಎಲೆ ಕಂಡರೆ ಅದು ಸೀಸಾಲ್ಪಿನಿಯಾಯ್ಡಿ. ಉಳಿದ ಐದು ಉಪಕುಟುಂಬಗಳಲ್ಲಿ ಅಂಥ ಎಲೆ ಇಲ್ಲ. ಗುಲ್‌ಮೊಹರ್, ರತ್ನಗಂಧಿ, ಗಜ್ಜುಗ, ಜಾಲಿ, ಸೀಗೆ, ಬನ್ನಿ, ಸುಬಾಬುಲ್, ಬಾಗೆ, ಮಳೆಮರ ಎಲ್ಲವೂ ಹೂವು ನೋಡುವ ಮೊದಲೇ ತೀರ್ಮಾನವಾದವು. ಈ ಸೂತ್ರ ತಿರುಗಿಸಿ ಓದಬೇಡಿ. ಕಕ್ಕೆ, ತಂಗಡಿ, ತಗಚೆಗಳಿಗೆ ಒಂದೇ ಸಲ ಕವಲೊಡೆದ ಎಲೆ, ಆದರೂ ಅವು ಸೀಸಾಲ್ಪಿನಿಯಾಯ್ಡಿಯವೇ.

ಎರಡು ಪಾಲಾಗಿ ಸೀಳಿದ, ಗೊರಸಿನಂಥ ಎಲೆ ಇದ್ದರೆ ಮಂದಾರ ಅಥವಾ ಬಸವನಪಾದ, ಇವು ಸರ್ಸಿಡಾಯ್ಡಿ. ಇಲ್ಲಿ ಎಡವುವುದು ಸುಲಭ. ಒಣನಾಡಿನ ಕಮರ ಮರದ ಎಲೆಯೂ ದೂರದಿಂದ ಹಾಗೇ ಕಾಣುತ್ತದೆ. ಹತ್ತಿರ ಹಿಡಿದು ನೋಡಿ: ಮಂದಾರದ್ದು ತುದಿಯಲ್ಲಿ ಸೀಳಿ ಬುಡದಲ್ಲಿ ಕೂಡಿದ ಒಂದೇ ಹರವು, ಕಮರದ್ದು ಬುಡದವರೆಗೂ ಬೇರೆಯಾದ ಎರಡು ಕಿರುಎಲೆ. ಕಮರ ಹುಣಸೆಯ ಗುಂಪಾದ ಡಿಟೇರಿಯಾಯ್ಡಿಗೆ ಸೇರಿದ್ದು. ಸರ್ಸಿಡಾಯ್ಡಿಯಲ್ಲೂ ಕೆಲವಕ್ಕೆ ಪೂರ್ತಿ ಬೇರೆಯಾದ ಜೋಡಿ ಎಲೆ ಇರುವುದರಿಂದ, ಅನುಮಾನ ಬಂದರೆ ಹೂವು ಸಿಗುವ ತನಕ ಕಾಯಿರಿ.

ಮೂರು ಕಿರುಎಲೆ ಇದ್ದರೆ ನಮ್ಮ ಕಡೆ ಅದು ಹೆಚ್ಚುಕಡಿಮೆ ಖಂಡಿತವಾಗಿ ಪ್ಯಾಪಿಲಿಯೊನಾಯ್ಡಿ: ಅವರೆ, ತೊಗರಿ, ಹುರುಳಿ, ಮುತ್ತುಗ, ಹಾಲುವಾಣ. ಕಿರುಎಲೆ ಜೋಡಿಜೋಡಿಯಾಗಿ ಮುಗಿಯುತ್ತವೆಯೋ, ತುದಿಯಲ್ಲಿ ಒಂಟಿ ಕಿರುಎಲೆ ಇದೆಯೋ ಎಂಬುದನ್ನು ಬರೆದಿಟ್ಟುಕೊಳ್ಳಿ, ಆದರೆ ಅದೊಂದನ್ನೇ ನಂಬಬೇಡಿ. ಗುಲಗಂಜಿಯ ಎಲೆ ಹುಣಸೆಯಂತೆ ಜೋಡಿಯಲ್ಲೇ ಮುಗಿಯುತ್ತದೆ, ಶೇಂಗಾಕ್ಕೆ ನಾಲ್ಕೇ ಕಿರುಎಲೆ, ಎರಡೂ ಪ್ಯಾಪಿಲಿಯೊನಾಯ್ಡಿ.

ಮಲೆನಾಡು, ಕರಾವಳಿಯ ನೆಡುತೋಪುಗಳಲ್ಲಿರುವ ಅಕೇಶಿಯಾ ಆರಿಕ್ಯುಲಿಫಾರ್ಮಿಸ್ ಎಲೆಯ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಅದರ ಕುಡುಗೋಲಿನಂಥ “ಎಲೆ” ನಿಜಕ್ಕೂ ಚಪ್ಪಟೆಯಾದ ಎಲೆದಂಟು. ತೋಪಿನ ಬುಡದಲ್ಲಿ ಹೊಸದಾಗಿ ಹುಟ್ಟಿದ ಸಸಿ ಹುಡುಕಿ: ಮೊದಲ ಎಲೆಗಳು ಜಾಲಿಯಂತೆ ಎರಡು ಸಲ ಕವಲೊಡೆದಿರುತ್ತವೆ, ಮೇಲಕ್ಕೆ ಹೋದಂತೆ ದಂಟು ಅಗಲವಾಗುತ್ತಾ ಕಿರುಎಲೆ ಮಾಯವಾಗುತ್ತವೆ. ಒಂದೇ ಸಸಿಯಲ್ಲಿ ಎರಡೂ ರೂಪ ಸಿಗುವುದರಿಂದ ತರಗತಿಯಲ್ಲಿ ತೋರಿಸಲು ಇದಕ್ಕಿಂತ ಒಳ್ಳೆಯ ನಮೂನೆ ಇಲ್ಲ.

3. ಮೊಗ್ಗು ಕತ್ತರಿಸಿ: ಮೇಲಿನ ಎಸಳು ಹೊರಗೋ ಒಳಗೋ?

ಹೆಚ್ಚು ಜನ ಬಿಟ್ಟುಬಿಡುವ, ಆದರೆ ಬಿಡಲೇಬಾರದ ಹಂತ ಇದು. ಅರಳಿದ ಹೂ ಮೋಸ ಮಾಡುತ್ತದೆ, ಮೊಗ್ಗು ಮಾಡುವುದಿಲ್ಲ.

ಮೊಗ್ಗು ಗೊಂಚಲಿನಲ್ಲಿರುವಾಗಲೇ ನಡುಕಡ್ಡಿಯ ಕಡೆಗಿರುವ ಬದಿಗೆ ಪೆನ್ನಿನಿಂದ ಚುಕ್ಕೆ ಇಡಿ. ಆ ಬದಿಯ ಎಸಳೇ ನಾವು “ಮೇಲಿನ ಎಸಳು” ಎನ್ನುವುದು. ಬಳಿಕ ಮೊಗ್ಗನ್ನು ಕಿತ್ತು, ತುದಿಯಿಂದ ಮೂರನೇ ಒಂದು ಭಾಗ ಕೆಳಗೆ ಬ್ಲೇಡಿನಿಂದ ಅಡ್ಡಲಾಗಿ ಒಂದೇ ಎಳೆತಕ್ಕೆ ಕೊಯ್ಯಿರಿ. ಒತ್ತಿ ಕೊಯ್ದರೆ ಎಸಳು ಸರಿದು ಕ್ರಮ ಕೆಡುತ್ತದೆ. ಭೂತಗನ್ನಡಿ ಹಿಡಿದು ಯಾವ ಎಸಳು ಯಾವುದರ ಮೇಲೆ ಹೊದ್ದುಕೊಂಡಿದೆ ನೋಡಿ.

ಮೇಲಿನ ಎಸಳು ಎಲ್ಲಕ್ಕಿಂತ ಹೊರಗಿದ್ದು ಉಳಿದವನ್ನು ಹೊದ್ದುಕೊಂಡಿದ್ದರೆ ಪ್ಯಾಪಿಲಿಯೊನಾಯ್ಡಿ. ಅವರೆ ಹೂವಿನ ಬಾವುಟದಂಥ ದೊಡ್ಡ ಎಸಳು ಇದೇ; ಅದರೊಳಗೆ ಎರಡು ರೆಕ್ಕೆ ಎಸಳು, ಎಲ್ಲಕ್ಕೂ ಒಳಗೆ ಎರಡು ಎಸಳು ಸೇರಿ ದೋಣಿ. ಮೇಲಿನ ಎಸಳು ಎಲ್ಲಕ್ಕಿಂತ ಒಳಗಿದ್ದರೆ ಪ್ಯಾಪಿಲಿಯೊನಾಯ್ಡಿ ಅಲ್ಲ. ಗುಲ್‌ಮೊಹರ್ ಮೊಗ್ಗಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ, ಏಕೆಂದರೆ ಆ ಮೇಲಿನ ಎಸಳಿಗೆ ಮಾತ್ರ ಬಿಳಿ-ಹಳದಿ ಗೀರುಗಳಿವೆ. ಕೊಯ್ದಾಗ ಗೀರಿನ ಎಸಳು ನಡುವೆ ಮಡಚಿಕೊಂಡಿರುತ್ತದೆ. ಮಂದಾರದಲ್ಲೂ ಹೀಗೆಯೇ. ಎಸಳುಗಳು ಒಂದರ ಮೇಲೊಂದು ಹೊದ್ದುಕೊಳ್ಳದೆ ಅಂಚಿಗೆ ಅಂಚು ತಾಗಿ ನಿಂತಿದ್ದರೆ ಅದು ಹಳೆಯ ಮೈಮೋಸಾಯ್ಡಿ, ಅಂದರೆ ಜಾಲಿ, ಬಾಗೆ, ಮುಟ್ಟಿದರೆ ಮುನಿಗಳ ಕವಲು. ಆ ಮೊಗ್ಗುಗಳು ತೀರಾ ಚಿಕ್ಕವು. ಮಳೆಮರದ್ದರಿಂದ ಶುರು ಮಾಡಿ, ಅದು ಸ್ವಲ್ಪ ದೊಡ್ಡದು.

ಶಂಖಪುಷ್ಪದಲ್ಲಿ ಎಲ್ಲರೂ ಎಡವುತ್ತಾರೆ. ಅದರ ಹೂ ತಲೆಕೆಳಗಾಗಿ ನಿಲ್ಲುತ್ತದೆ, ಬಾವುಟದ ಎಸಳು ಕೆಳಗೆ ಚಾಪೆಯಂತೆ ಹರಡಿರುತ್ತದೆ. ಅರಳಿದ ಹೂ ನೋಡಿ ಮೇಲು-ಕೆಳಗು ಎಂದು ಹೇಳಿದರೆ ತಪ್ಪುತ್ತದೆ. ಮೊಗ್ಗು ಕೊಯ್ದರೆ ಬಾವುಟ ಎಲ್ಲಕ್ಕಿಂತ ಹೊರಗೇ ಇದೆ. ಪ್ಯಾಪಿಲಿಯೊನಾಯ್ಡಿ ಎಂಬುದರಲ್ಲಿ ಅನುಮಾನವಿಲ್ಲ.

ಎಸಳುಗಳ ಲೆಕ್ಕವೇ ಸಿಗದ ಹೂಗಳು ಡಿಟೇರಿಯಾಯ್ಡಿಯಲ್ಲಿ ಬರುತ್ತವೆ. ಹುಣಸೆಯಲ್ಲಿ ಮೂರೇ ಎಸಳು ಚೆನ್ನಾಗಿ ಬೆಳೆದಿರುತ್ತವೆ, ಇನ್ನೆರಡು ಬುಡದಲ್ಲಿ ಸಣ್ಣ ಚೂರುಗಳಾಗಿ ಉಳಿದಿರುತ್ತವೆ. ಅಶೋಕದಲ್ಲಿ ಎಸಳೇ ಇಲ್ಲ. ಬಣ್ಣದ ನಾಲ್ಕು ಹಾಳೆಗಳು ಪುಷ್ಪಪತ್ರಗಳು, ಅಂದರೆ ಬೇರೆ ಹೂಗಳಲ್ಲಿ ಹಸಿರಾಗಿ ಹೊರಗಿರುವ ಸುತ್ತು. ಈ ಗುಂಪಿನಲ್ಲಿ ಎಸಳಿಗಿಂತ ಮೊಗ್ಗಿನ ಹೊದಿಕೆ ನೋಡುವುದು ಲೇಸು. ಹುಣಸೆಯ ಎಳೆ ಮೊಗ್ಗನ್ನು ಎರಡು ಕೆಂಪು ಚಿಪ್ಪುಗಳು ಪೂರ್ತಿ ಮುಚ್ಚಿರುತ್ತವೆ, ಅರಳುವ ಹೊತ್ತಿಗೆ ಉದುರುತ್ತವೆ. ಅರಳಿದ ಹೂವಿನಲ್ಲಿ ಅವನ್ನು ಹುಡುಕಿದರೆ ಸಿಗುವುದಿಲ್ಲ.

4. ಕೇಸರ ಎಣಿಸಿ

ಅವರೆಯ ದೋಣಿಯನ್ನು ಸೂಜಿಯಿಂದ ಸೀಳಿ. ಹತ್ತು ಕೇಸರಗಳಲ್ಲಿ ಒಂಬತ್ತು ಬೆಸೆದು ಒಂದು ಬದಿ ತೆರೆದ ಕೊಳವೆಯಾಗಿವೆ, ಹತ್ತನೆಯದು ಆ ಸೀಳಿನ ಮೇಲೆ ಒಂಟಿ. ಪ್ಯಾಪಿಲಿಯೊನಾಯ್ಡಿಯಲ್ಲಿ ಸಾಮಾನ್ಯ ಕ್ರಮ ಇದು. ಅಪವಾದಗಳಿವೆ, ಗುಲಗಂಜಿಯಲ್ಲಿ ಒಂಬತ್ತೇ ಕೇಸರ. ಜಾಲಿ ಹೂವಿನಲ್ಲಿ ಕೇಸರಗಳು ಎಣಿಕೆ ಮೀರಿ ಇರುತ್ತವೆ, ಮಳೆಮರದಲ್ಲಿ ಅವು ಬುಡದಲ್ಲಿ ಕೊಳವೆಯಾಗಿ ಬೆಸೆದಿರುತ್ತವೆ. ಆದರೆ “ಮೈಮೋಸಾ ಅಂದರೆ ತುಂಬಾ ಕೇಸರ” ಎಂದು ಬಾಯಿಪಾಠ ಮಾಡಬೇಡಿ: ಸುಬಾಬುಲ್ ಮತ್ತು ಬನ್ನಿಯಲ್ಲಿ ಹತ್ತು, ಮುಟ್ಟಿದರೆ ಮುನಿಯಲ್ಲಿ ನಾಲ್ಕೇ. ಚೆಂಡಿನಿಂದ ಒಂದು ಪುಟ್ಟ ಹೂವನ್ನು ಬಿಡಿಸಿ ತೆಗೆದು ಎಣಿಸಿ. ಇಡೀ ಚೆಂಡನ್ನೇ ಒಂದು ಹೂ ಎಂದುಕೊಂಡರೆ ಕೇಸರ ನೂರಾರು ಇದ್ದಂತೆ ತೋರುತ್ತದೆ.

ಹುಣಸೆಯಲ್ಲಿ ಕೆಲಸ ಮಾಡುವ ಕೇಸರ ಮೂರು. ಬಿಳಿ-ನಸುಗೆಂಪು ಮಂದಾರದಲ್ಲಿ, ಅಂದರೆ ಬೌಹಿನಿಯಾ ವೇರಿಗೇಟಾದಲ್ಲಿ, ಐದು. ನೇರಳೆ ಬಸವನಪಾದ ಬೌಹಿನಿಯಾ ಪರ್ಪ್ಯೂರಿಯಾದಲ್ಲಿ ಮೂರು.

ಕಕ್ಕೆ ಮತ್ತು ತಂಗಡಿ ಎರಡನ್ನೂ ಮೊದಲು ಕ್ಯಾಸಿಯಾ ಎನ್ನುತ್ತಿದ್ದರು. ಈಗ ತಂಗಡಿ ಸೆನ್ನಾ. ಬೇರ್ಪಡಿಸುವುದು ಸುಲಭ. ಕಕ್ಕೆಯ ಹತ್ತು ಕೇಸರಗಳಲ್ಲಿ ಕೆಳಗಿನ ಮೂರು ಉದ್ದವಾಗಿ, ಕೊಕ್ಕೆಯಂತೆ ಬಾಗಿ ಹೊರಗೆ ಚಾಚಿರುತ್ತವೆ. ತಂಗಡಿಯಲ್ಲಿ ಅಂಥ ಬಾಗು ಇಲ್ಲ, ಬದಲಿಗೆ ಎಲೆಯ ನಡುದಂಟಿನ ಮೇಲೆ ಕಿರುಎಲೆಗಳ ಪ್ರತಿ ಜೋಡಿಯ ನಡುವೆ ಕಡ್ಡಿಯಂಥ ಮಧುಗ್ರಂಥಿ ನಿಂತಿರುತ್ತದೆ. ಇರುವೆ ಸುಳಿದಾಡುವ ಜಾಗ ಅದೇ.

5. ಬೀಜ ನೆನೆಸಿ ಬಿಡಿಸಿ

ಅಡುಗೆಮನೆಯಲ್ಲೇ ಆಗುವ ಪರೀಕ್ಷೆ. ಅವರೆ, ಕಡಲೆ, ಅಲಸಂದೆ ಇವನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಿಪ್ಪೆ ಸುಲಿದು ಬೇಳೆ ಬಿಡಿಸಿ. ಒಳಗಿನ ಮೊಳಕೆಯ ಬೇರು ಬೇಳೆಯ ಅಂಚಿಗೆ ಬಾಗಿ ಮಲಗಿರುತ್ತದೆ. ಕಡಲೆಯ ಚೂಪು ಮೂತಿ ಆ ಬೇರೇ. ಹುಣಸೆ, ಕಕ್ಕೆ, ಗುಲ್‌ಮೊಹರ್ ಬೀಜಗಳಲ್ಲಿ ಅದು ನೆಟ್ಟಗಿರುತ್ತದೆ. ಬಾಗಿದ್ದರೆ ಸಾಮಾನ್ಯವಾಗಿ ಪ್ಯಾಪಿಲಿಯೊನಾಯ್ಡಿ. ಗಟ್ಟಿ ಸಿಪ್ಪೆಯ ಬೀಜ ಎಷ್ಟು ನೆನೆಸಿದರೂ ನೀರು ಕುಡಿಯುವುದಿಲ್ಲ. ಕಾಯಿಗೆ ಅಂಟಿದ್ದ ಗುರುತಿನ ಎದುರು ಬದಿಯಲ್ಲಿ ಅರದಿಂದ ಒಂದಿಷ್ಟು ಉಜ್ಜಿ, ಒಂದು ಹಗಲು ಒಂದು ರಾತ್ರಿ ನೆನೆಸಿ. ಗುರುತಿನ ಕಡೆಯೇ ಉಜ್ಜಿದರೆ ನೋಡಬೇಕಾದ ಬೇರೇ ಹಾಳಾಗುತ್ತದೆ.

ಸುಬಾಬುಲ್ ಅಥವಾ ಬಾಗೆಯ ಬೀಜದ ಚಪ್ಪಟೆ ಮುಖದಲ್ಲಿ ಕುದುರೆ ಲಾಳದಂಥ ಸಣ್ಣ ಗೆರೆ ಕಾಣುತ್ತದೆ. ಇದಕ್ಕೆ ಪ್ಲೂರೊಗ್ರಾಮ್ ಎಂದು ಹೆಸರು. ಜಾಲಿಯ ಕವಲಿನಲ್ಲಿ ಇದು ಸಾಮಾನ್ಯ, ಪ್ಯಾಪಿಲಿಯೊನಾಯ್ಡಿಯಲ್ಲಿ ಇಲ್ಲ.

6. ಈಗ ಕೂಡಿಸಿ ಹೇಳಿ

ಮೊಗ್ಗಿನಲ್ಲಿ ಬಾವುಟ ಹೊರಗಿದೆ, ಎಲೆ ಎರಡು ಸಲ ಕವಲೊಡೆದಿಲ್ಲ, ಬೇರು ಬಾಗಿದೆ: ಪ್ಯಾಪಿಲಿಯೊನಾಯ್ಡಿ. ಸುಮಾರು 503 ಕುಲ, 14,000 ಪ್ರಭೇದ; ಕುಟುಂಬದಲ್ಲಿ ಒಟ್ಟು ಇರುವುದೇ ಸುಮಾರು 19,500 ಪ್ರಭೇದ. ನಮ್ಮ ಬೇಳೆಕಾಳುಗಳೆಲ್ಲ ಇಲ್ಲಿವೆ, ಜೊತೆಗೆ ಹೊಂಗೆ, ಬೀಟೆ, ಹೊನ್ನೆ, ರಕ್ತಚಂದನ, ಗ್ಲಿರಿಸಿಡಿಯಾ.

ಎಲೆ ಎರಡು ಸಲ ಕವಲೊಡೆದಿದೆ, ಅಥವಾ ಒಂದೇ ಸಲ ಕವಲೊಡೆದಿದ್ದು ಹೂ ಕಕ್ಕೆ-ತಂಗಡಿಯ ಮಾದರಿಯದು: ಸೀಸಾಲ್ಪಿನಿಯಾಯ್ಡಿ. 2024ರಲ್ಲಿ ಇದನ್ನು ಹನ್ನೊಂದು ಟ್ರೈಬ್‌ಗಳಾಗಿ, ಅಂದರೆ ಉಪಕುಟುಂಬದ ಕೆಳಗಿನ ಮೆಟ್ಟಿಲಿನ ಗುಂಪುಗಳಾಗಿ, ವಿಂಗಡಿಸಿದರು. ಮೈಮೋಸಾಯ್ಡಿ ಎಲ್ಲಿ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಇಲ್ಲೇ: ಅದು ಈಗ ಮೈಮೋಸೀ ಎಂಬ ಟ್ರೈಬ್. ಗುಂಪು ಒಡೆದಿಲ್ಲ, ಮೆಟ್ಟಿಲು ಇಳಿದಿದೆ.

ಒಂದೇ ಸಲ ಕವಲೊಡೆದ ಎಲೆ, ಮೊಗ್ಗನ್ನು ಮುಚ್ಚುವ ಚಿಪ್ಪುಜೋಡಿ, ಕಡಿಮೆಯಾದ ಅಥವಾ ಇಲ್ಲದ ಎಸಳು: ಡಿಟೇರಿಯಾಯ್ಡಿ. ಹುಣಸೆ, ಅಶೋಕ, ಕಮರ. ಘಟ್ಟದಲ್ಲಿ ಇರುವೆಗಳಿಗೆ ಟೊಳ್ಳು ಕಾಂಡದಲ್ಲಿ ಮನೆ ಕೊಡುವ ಹಂಬೋಲ್ಟಿಯಾ ಬ್ರುನೊನಿಸ್. ಹೆಸರು ನೋಡಿ ಸೀಮೆ ಹುಣಸೆಯನ್ನು ಇಲ್ಲಿಗೆ ತರಬೇಡಿ, ಅದು ಮೈಮೋಸೀ.

ಗೊರಸಿನ ಎಲೆ, ಒಳಗಿರುವ ಮೇಲಿನ ಎಸಳು: ಸರ್ಸಿಡಾಯ್ಡಿ. ದಸರೆಯಲ್ಲಿ ನಾವು ಬಂಗಾರವೆಂದು ಹಂಚುವ ಬನ್ನಿ ಸೀಸಾಲ್ಪಿನಿಯಾಯ್ಡಿಯದು, ಮಹಾರಾಷ್ಟ್ರದಲ್ಲಿ ಹಂಚುವ ಆಪ್ಟಾ ಸರ್ಸಿಡಾಯ್ಡಿಯದು. ಎರಡರ ಎಲೆಯನ್ನೂ ಪಕ್ಕಪಕ್ಕ ಇಟ್ಟರೆ ಎರಡನೇ ಹಂತದ ಪಾಠ ಪೂರ್ತಿ ಅಲ್ಲೇ ಇದೆ.

ಡಯಾಲಿಯಾಯ್ಡಿ ನಮಗೆ ಸಿಗುವುದು ಅಪರೂಪ. ಪಶ್ಚಿಮ ಘಟ್ಟದ ದಕ್ಷಿಣ ತುದಿಯಲ್ಲಿ ಡಯಾಲಿಯಮ್ ಟ್ರಾವಂಕೋರಿಕಮ್ ಇದೆ, ಶ್ರೀಲಂಕಾದಲ್ಲಿ ಗಲ್ ಸಿಯಂಬಲಾ ಎಂಬ ಹುಳಿಹಣ್ಣಿನ ಮರ ಇದೆ. ಡುಪಾರ್ಕೆಟಿಯಾಯ್ಡಿಯಲ್ಲಿ ಇರುವುದೇ ಒಂದು ಪ್ರಭೇದ, ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಳ್ಳಿ.

7. ಬೇರಿನ ಗಂಟು: ಗುರುತಿಗಲ್ಲ, ಬೇಸಾಯಕ್ಕೆ

ಲೆಗ್ಯೂಮ್ ಎಂದರೆ ಬೇರಿನಲ್ಲಿ ಸಾರಜನಕದ ಗಂಟು ಇದ್ದೇ ಇರುತ್ತದೆ ಎಂಬುದು ಬಹಳ ಹರಡಿರುವ ತಪ್ಪು. ಗಂಟು ಕಟ್ಟುವವು ಪ್ಯಾಪಿಲಿಯೊನಾಯ್ಡಿಯ ಬಹುಪಾಲು, ಮೈಮೋಸೀಯ ಬಹುಪಾಲು, ಸೀಸಾಲ್ಪಿನಿಯಾಯ್ಡಿಯ ಉಳಿದವುಗಳಲ್ಲಿ ಕೆಲವೇ ಕೆಲವು. ಹುಣಸೆ, ಮಂದಾರ, ಕಕ್ಕೆ, ತಂಗಡಿಗಳಿಗೆ ಗಂಟು ಇಲ್ಲ. ತಂಗಡಿ ಸೊಪ್ಪು ಹಸಿರೆಲೆ ಗೊಬ್ಬರವಾಗಿ ಒಳ್ಳೆಯದು, ಆದರೆ ಅದು ಗಾಳಿಯಿಂದ ಸಾರಜನಕ ಹಿಡಿದು ಕೊಡುತ್ತದೆ ಎಂದು ಲೆಕ್ಕ ಹಾಕಬೇಡಿ. ಆ ಕೆಲಸಕ್ಕೆ ಸೆಣಬು, ಡಯಂಚ, ಗ್ಲಿರಿಸಿಡಿಯಾ.

ವಂಶ ಗೊತ್ತಿದ್ದರೆ ಬೀಜೋಪಚಾರವೂ ಸರಿಯಾಗುತ್ತದೆ. ಪ್ಯಾಪಿಲಿಯೊನಾಯ್ಡಿಯೊಳಗೆ ಕಡಲೆ, ಬಟಾಣಿ, ಮೆಂತ್ಯ ಒಂದು ಕವಲು. ಇವುಗಳ ಹಸಿರುಕಣದ ಡಿಎನ್‌ಎಯಲ್ಲಿ ಬೇರೆ ಗಿಡಗಳಲ್ಲಿರುವ ಒಂದು ದೊಡ್ಡ ಜೋಡಿತುಣುಕಿನ ಒಂದು ಪ್ರತಿ ಕಳೆದುಹೋಗಿದೆ. ತಂಪು ಕಾಲದ ಬೆಳೆಗಳು, ಗಂಟು ಉದ್ದವಾಗಿ ಬೆಳೆಯುತ್ತವೆ. ತೊಗರಿ, ಅವರೆ, ಹುರುಳಿ, ಅಲಸಂದೆ, ಹೆಸರು, ಉದ್ದು ಇನ್ನೊಂದು ಕವಲು, ಗಂಟು ದುಂಡಗೆ. ಶೇಂಗಾ ಇವೆರಡೂ ಅಲ್ಲ. ಬೀಟೆ, ಹೊನ್ನೆಗಳ ಬಳಗ, ಗಂಟು ಪಕ್ಕಬೇರು ಹೊರಡುವ ಕವಲಿನಲ್ಲೇ ಹುಟ್ಟುತ್ತದೆ. ಕಡಲೆಗೆ ಬೇಕಾದ ರೈಜೋಬಿಯಂ, ಅಂದರೆ ಗಂಟು ಕಟ್ಟಿಸುವ ಬ್ಯಾಕ್ಟೀರಿಯಾ, ತೊಗರಿಯದ್ದಲ್ಲ. ಪೊಟ್ಟಣದ ಮೇಲೆ ಬೆಳೆಯ ಹೆಸರು ಓದಿ ಕೊಳ್ಳಿ. ಗಂಟು ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಕೊಯ್ದು ನೋಡಿ: ಒಳಗೆ ನಸುಗೆಂಪು ಇದ್ದರೆ ಹೌದು, ಬೂದು ಅಥವಾ ಹಸಿರು ತಿರುಗಿದ್ದರೆ ಇಲ್ಲ.

8. ಹೆಸರು ಸರಿಪಡಿಸಿ

ಅಕೇಶಿಯಾ ಎಂಬ ದೊಡ್ಡ ಕುಲ ಒಂದೇ ವಂಶವಲ್ಲ ಎಂದು ತಿಳಿದ ಮೇಲೆ ಅದನ್ನು ಒಡೆದರು. 2005ರ ವಿಯೆನ್ನಾದ ಅಂತರರಾಷ್ಟ್ರೀಯ ಸಸ್ಯಶಾಸ್ತ್ರ ಸಮ್ಮೇಳನದಲ್ಲಿ ಹಳೆಯ ಹೆಸರು ಮುಖ್ಯವಾಗಿ ಆಸ್ಟ್ರೇಲಿಯಾದ ಗುಂಪಿಗೆ ಹೋಯಿತು, 2011ರ ಮೆಲ್ಬರ್ನ್ ಸಮ್ಮೇಳನದಲ್ಲೂ ಅದೇ ನಿಂತಿತು. ಹಾಗಾಗಿ ನೆಡುತೋಪಿನ ಅಕೇಶಿಯಾ ಅಕೇಶಿಯಾ ಆಗಿಯೇ ಉಳಿದಿದೆ. ನಮ್ಮ ಕರಿಜಾಲಿ ವಚೆಲಿಯಾ ನಿಲೋಟಿಕಾ, ಕಾಚಿನ ಮರ ಸೆನೆಗಾಲಿಯಾ ಕಟೇಚು ಆದವು. ಮುಳ್ಳು ನೋಡಿ ಬೇರ್ಪಡಿಸಿ: ಎಲೆಯ ಬುಡದಲ್ಲಿ ಉಪಪರ್ಣವೇ ನೆಟ್ಟಗಿನ ಜೋಡಿಮುಳ್ಳಾಗಿದ್ದರೆ ವಚೆಲಿಯಾ, ಸೀಗೆಯಂತೆ ತೊಗಟೆಯಿಂದ ಎದ್ದ ಕೊಕ್ಕೆಮುಳ್ಳಾದರೆ ಸೆನೆಗಾಲಿಯಾ.

2022ರಲ್ಲಿ ಪ್ರೊಸೋಪಿಸ್ ಕೂಡ ಒಡೆಯಿತು. ಬನ್ನಿ ಪ್ರೊಸೋಪಿಸ್ ಸಿನರೇರಿಯಾ ಆಗಿ ಉಳಿದಿದೆ, ಬಳ್ಳಾರಿ ಜಾಲಿ ನೆಲ್ಟುಮಾ ಜೂಲಿಫ್ಲೋರಾ ಆಗಿದೆ. ಹಳೆಯ ಪುಸ್ತಕದಲ್ಲಿ ಅವರೆ ಡಾಲಿಕೋಸ್ ಲಬ್ಲಬ್ ಎಂದಿದ್ದರೆ ಈಗಿನ ಲಬ್ಲಬ್ ಪರ್ಪ್ಯೂರಿಯಸ್ ಎಂದು ಓದಿಕೊಳ್ಳಿ. ಹೆಸರನ್ನು ಕ್ಯೂ ಸಸ್ಯೋದ್ಯಾನದ ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್‌ನಲ್ಲಿ ಹಾಕಿ ನೋಡಿ, ನೋಡಿದ ದಿನಾಂಕವನ್ನೂ ಚೀಟಿಯಲ್ಲಿ ಬರೆಯಿರಿ. ಹಳೆಯ ಹೆಸರನ್ನು ಹೊಡೆದುಹಾಕಬೇಡಿ, ಪಕ್ಕದಲ್ಲಿರಲಿ.

ಕುಟುಂಬದ ಹೆಸರಿನ ಬಗ್ಗೆಯೂ ಜಗಳ ಬೇಡ. ಲೆಗ್ಯೂಮಿನೋಸೀ, ಫ್ಯಾಬೇಸೀ ಎರಡನ್ನೂ ನಾಮಕರಣ ಸಂಹಿತೆ, ಅಂದರೆ ಸಸ್ಯಗಳಿಗೆ ಹೆಸರಿಡುವ ನಿಯಮಾವಳಿ, ಒಪ್ಪುತ್ತದೆ. ಆದರೆ ಮೂರು ಗುಂಪುಗಳನ್ನು ಮೂರು ಬೇರೆ ಕುಟುಂಬಗಳೆಂದು ಬರೆದ ಪುಸ್ತಕಗಳಲ್ಲಿ ಫ್ಯಾಬೇಸೀ ಎಂದರೆ ಚಿಟ್ಟೆಹೂವಿನವು ಮಾತ್ರ. ಅಂಥಲ್ಲಿ ಹುಣಸೆ ಸಿಗಲಿಲ್ಲವೆಂದು ಗಾಬರಿಯಾಗಬೇಡಿ.

9. ಡಿಎನ್‌ಎ ಹೋಲಿಸಿ ನೋಡಬೇಕೆನ್ನುವವರಿಗೆ

ಪದವಿ ವಿದ್ಯಾರ್ಥಿಗಳು ಇಷ್ಟನ್ನು ಲ್ಯಾಪ್‌ಟಾಪಿನಲ್ಲೇ ಮಾಡಬಹುದು. ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರದಿಂದ ಅವರೆ, ಶೇಂಗಾ, ಕಡಲೆ, ಕಕ್ಕೆ, ಕರಿಜಾಲಿ, ಹುಣಸೆ, ಮಂದಾರ ಮುಂತಾದ ಹತ್ತು ಹನ್ನೆರಡು ಗಿಡಗಳ ಮ್ಯಾಟ್‌ಕೆ ಅನುಕ್ರಮ, ಅಂದರೆ ಆ ಜೀನಿನ ಡಿಎನ್‌ಎ ಅಕ್ಷರಗಳ ಸಾಲು, ಇಳಿಸಿಕೊಳ್ಳಿ. ಪೂರ್ತಿ ಜೀನ್ ಸುಮಾರು 1,500 ಅಕ್ಷರ ಉದ್ದ. 600-700 ಅಕ್ಷರದ ತುಣುಕುಗಳನ್ನು ಪೂರ್ತಿಯವುಗಳ ಜೊತೆ ಬೆರೆಸಿದರೆ ಕವಲುಗಳು ಸಡಿಲವಾಗುತ್ತವೆ. ಕುಟುಂಬದ ಹೊರಗಿನ ಒಂದು ಗಿಡ ಕಡ್ಡಾಯ, ಇಲ್ಲದಿದ್ದರೆ ವಂಶವೃಕ್ಷದ ಬುಡ ಯಾವುದೆಂದು ತಿಳಿಯದು. ಪಾಲಿಗಾಲಾ ಅಥವಾ ಕ್ವಿಲ್ಲಾಯಾ ತೆಗೆದುಕೊಳ್ಳಿ. ಎರಡೂ ಲೆಗ್ಯೂಮಿನ ಹತ್ತಿರದ ನೆಂಟ ಕುಟುಂಬಗಳವು.

ಮಾಫ್ಟ್ ತಂತ್ರಾಂಶದಲ್ಲಿ ಅನುಕ್ರಮಗಳನ್ನು ಸಾಲಾಗಿ ಜೋಡಿಸಿ. ಒಂದು ಸಾಲು ಮಾತ್ರ ಉಳಿದವಕ್ಕೆ ಸ್ವಲ್ಪವೂ ಹೊಂದದಿದ್ದರೆ ಅದು ಹಿಂದುಮುಂದಾಗಿ ದಾಖಲಾಗಿರಬಹುದು. ತಿರುಗಿಸಿ ಮತ್ತೆ ಜೋಡಿಸಿ. ಬಳಿಕ ಐಕ್ಯೂ-ಟ್ರೀ ಎಂಬ ತಂತ್ರಾಂಶದಲ್ಲಿ ವಂಶದ ಮರ ಕಟ್ಟಿ, 1,000 ಅಲ್ಟ್ರಾಫಾಸ್ಟ್ ಬೂಟ್‌ಸ್ಟ್ರಾಪ್ ಕೇಳಿ. ಬೂಟ್‌ಸ್ಟ್ರಾಪ್ ಎಂದರೆ ದತ್ತಾಂಶವನ್ನು ಮತ್ತೆ ಮತ್ತೆ ಕಲಸಿ ಅದೇ ಕವಲು ಎಷ್ಟು ಸಲ ಬರುತ್ತದೆಂದು ನೋಡುವುದು. ಈ ವಿಧಾನದಲ್ಲಿ 95ಕ್ಕಿಂತ ಕಡಿಮೆ ಬಂದ ಕವಲನ್ನು ಗಟ್ಟಿ ಎಂದು ಬರೆಯಬೇಡಿ.

ಕರಿಜಾಲಿ ಕಕ್ಕೆಯ ಪಕ್ಕ, ಹುಣಸೆ ದೂರ ಬಂದರೆ ಮರ ಸರಿದಾರಿಯಲ್ಲಿದೆ. ಹುಣಸೆ ಅವರೆಗೆ ಅಂಟಿಕೊಂಡರೆ ಮೊದಲು ಅನುಮಾನಿಸಬೇಕಾದ್ದು ಕಡತದ ಹೆಸರು. ಭಂಡಾರದಲ್ಲಿ ತಪ್ಪು ಗುರುತಿನ ಮಾದರಿಗಳೂ ಇವೆ, ಆದ್ದರಿಂದ ಹರ್ಬೇರಿಯಂ ಸಂಖ್ಯೆ, ಅಂದರೆ ಒಣಗಿಸಿ ಕಾಪಿಟ್ಟ ಗಿಡದ ಮಾದರಿಯ ಸಂಖ್ಯೆ, ನಮೂದಾಗಿರುವ ಅನುಕ್ರಮವನ್ನೇ ಆರಿಸಿ. ಸರ್ಸಿಡಾಯ್ಡಿ, ಡಿಟೇರಿಯಾಯ್ಡಿ, ಡುಪಾರ್ಕೆಟಿಯಾಯ್ಡಿಗಳಲ್ಲಿ ಯಾವುದು ಮೊದಲು ಕವಲೊಡೆಯಿತು ಎಂಬುದು ಮಾತ್ರ ನಿಮ್ಮ ಮರದಲ್ಲಿ ಓಡಿಸಿದಾಗಲೆಲ್ಲ ಬದಲಾಗಬಹುದು. ಬುಡದ ಆ ಕವಲುಗಳು ತೀರಾ ಕಡಿಮೆ ಅವಧಿಯಲ್ಲಿ ಒಡೆದಿವೆ. ಸಾವಿರಾರು ಜೀನ್‌ಗಳನ್ನು ಹೋಲಿಸಿದವರಿಗೂ ಅಲ್ಲಿ ಒಂದೇ ಉತ್ತರ ಸಿಕ್ಕಿಲ್ಲ, ಒಂದು ಜೀನಿನಿಂದ ಅದನ್ನು ಬಗೆಹರಿಸಲು ಹೋಗಬೇಡಿ.